ಯಾರ ಮನಿಗಿ ಹೋತು?

2023ರ ಡಿಸೆಂಬರಿನ ಒಂದು ಭಾನುವಾರ ಬೆಳಿಗ್ಗೆ, ಭೋಸರಿಯ ನಮ್ಮ ಸೊಸೈಟಿಯ ಪಾರ್ಕಿಂಗಿನಲ್ಲಿ ಕೊರಳಿಗೆ ಐಡಿ ಕಾರ್ಡ್ ಹಾಕಿಕೊಂಡ ಹುಡುಗನೊಬ್ಬ ನನ್ನ ವ್ಯಾಗನಾರ್ ಕಾರನ್ನು ಮುಕ್ಕಾಲು ಗಂಟೆ ತಪಾಸಣೆ ಮಾಡಿದ. ಬಣ್ಣದ ದಪ್ಪ ಅಳೆಯುವ ಸಣ್ಣ ಯಂತ್ರವನ್ನು ಬಾಗಿಲಿಗೆ, ಬಾನೆಟ್ಟಿಗೆ, ಡಿಕ್ಕಿಗೆ ಮುಟ್ಟಿಸಿ ಮುಟ್ಟಿಸಿ ನೋಡಿದ. ಟೈರಿನ ಗೀರುಗಳಿಗೆ ಬೆರಳು ಹಾಕಿದ. ಎಲ್ಲ ಮುಗಿದ ಮೇಲೆ, ಗಾಡಿ ಹೊಸದರ ಹಂಗೇ ಇದೆಯಲ್ಲ ಸರ್, ಯಾಕೆ ಮಾರ್ತಿದ್ದೀರಿ ಎಂದು ಮರಾಠಿಯಲ್ಲಿ ಕೇಳಿದ.

"ಫ್ಯಾಮಿಲಿ ದೊಡ್ಡದಾಯ್ತು" ಎಂದೆ.

ನಮ್ಮ ಮನೆಯಲ್ಲಿ ಇರುವವರು ನಾನು, ಹೆಂಡತಿ, ಹನ್ನೊಂದನೇ ಕ್ಲಾಸಿನ ಮಗಳು. ಹದಿನಾರು ವರ್ಷದಿಂದ ಮೂವರೇ. ಮೇಲಾಗಿ ನಾನು ಕೊಳ್ಳಲು ಹೊರಟಿದ್ದ ಕಾರು ಒಳಗೆ ಇದಕ್ಕಿಂತ ಇಕ್ಕಟ್ಟು. ಸುಳ್ಳು ಹೇಳುವುದಕ್ಕೂ ಸ್ವಲ್ಪ ತಯಾರಿ ಬೇಕು.

ನಾನು ಇಂಡಿ ತಾಲೂಕಿನ ಹೊರ್ತಿ ಕಡೆಯವನು. 2001ರಲ್ಲಿ ಡಿಪ್ಲೊಮಾ ಮುಗಿಸಿ, ಒಂದು ಟ್ರಂಕು, ಒಂದು ರೊಟ್ಟಿ ಗಂಟು ಹಿಡಿದು ಭೋಸರಿ ಎಂಐಡಿಸಿಗೆ ಬಂದೆ. ಇಲ್ಲಿ ಯಾವ ವರ್ಕ್‌ಶಾಪಿಗೆ ಹೋದರೂ ಒಬ್ಬ ವಿಜಯಪುರದವನೋ ಕಲಬುರಗಿಯವನೋ ಸಿಕ್ಕೇ ಸಿಗುತ್ತಾನೆ ಎನ್ನುವುದು ಇದನ್ನು ಓದುವ ನಿಮಗೆ ಹೊಸ ಸುದ್ದಿಯಲ್ಲ. ನಾವು ಮಾಡುವುದು ಗೇರ್‌ಬಾಕ್ಸಿನ ಬಿಡಿ ಭಾಗಗಳು. ಬೇರೆಯವರ ಗಾಡಿ ಓಡಲೆಂದು ಇಪ್ಪತ್ತೆರಡು ವರ್ಷ ಮೈಕ್ರಾನ್ ಲೆಕ್ಕದಲ್ಲಿ ಕಬ್ಬಿಣ ಅಳೆದಿದ್ದೇನೆ. ನನ್ನದೂ ಅಂತ ಒಂದು ಕಾರು ಬಂದದ್ದು 2022ರ ದಸರೆಗೆ, ನಲವತ್ತನಾಲ್ಕನೇ ವಯಸ್ಸಿಗೆ.

ಅದರಲ್ಲಿ ಅಪ್ಪನ 1.5 ಲಕ್ಷ ಇತ್ತು. ಇಂಡಿಯ ನಿಂಬೆ ಹೆಸರುವಾಸಿ. ನಮಗೂ ಒಂದೂವರೆ ಎಕರೆ ನಿಂಬೆಗಿಡ ಇವೆ. ಆ ವರ್ಷ ರೇಟು ಚೆನ್ನಾಗಿ ಬಂದಿತ್ತು. ನಾನು ಬೇಡವೆಂದರೂ ಅಪ್ಪ ಕೇಳಲಿಲ್ಲ. "ತಮ್ಮಾ, ನಾ ಗಾಡಿಗಿ ರೊಕ್ಕಾ ಕೊಡಾಕತ್ತಿಲ್ಲ. ನೀವು ಬರೂದಕ್ಕ ಕೊಡಾಕತ್ತೀನಿ" ಅಂದ. ಉಳಿದದ್ದು ಬ್ಯಾಂಕಿನ ಸಾಲ, ನನ್ನ ಉಳಿತಾಯ. ರಸ್ತೆಗೆ ಇಳಿಯುವಷ್ಟರಲ್ಲಿ 6.9 ಲಕ್ಷ ಆಗಿತ್ತು. ವ್ಯಾಗನಾರನ್ನೇ ಆರಿಸಿದ್ದು ಅಪ್ಪನ ಮೊಣಕಾಲಿನ ಸಲುವಾಗಿ. ಆ ಗಾಡಿಯ ಸೀಟು ಎತ್ತರ. ಕಟ್ಟೆಯ ಮೇಲೆ ಕೂತ ಹಾಗೆ ಕೂತು, ಕಾಲು ಒಳಗೆ ಎಳೆದುಕೊಂಡರೆ ಆಯಿತು.

ಹೇಳಿದ ಹಾಗೆ ಹೋದೆವು ಕೂಡ. ಹದಿನಾಲ್ಕು ತಿಂಗಳಲ್ಲಿ ಒಂಬತ್ತು ಸಲ. ಭೋಸರಿಯಿಂದ ನಮ್ಮೂರಿಗೆ ಸುಮಾರು 320 ಕಿಲೋಮೀಟರು. ಸೋಲಾಪುರ ದಾಟಿ ಧೂಳಖೇಡದ ಹತ್ತಿರ ಭೀಮಾ ಹೊಳೆ ಕಂಡ ಕೂಡಲೇ ಹೆಂಡತಿ ಕಿಟಕಿ ಇಳಿಸುತ್ತಾಳೆ.

ಇಷ್ಟೆಲ್ಲ ಸರಿ ಇದ್ದಾಗ ಮಾರುವ ಹುಚ್ಚು ಎಲ್ಲಿಂದ ಬಂತು? ಹೆಂಡತಿಗೆ ಕೊಟ್ಟ ಕಾರಣ ಸೇಫ್ಟಿ. ಕಬ್ಬಿನ ಹಂಗಾಮಿನಲ್ಲಿ ಸೋಲಾಪುರ ದಾರಿಯಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಸಾಲಾಗಿ ಹೋಗುತ್ತಿರುತ್ತವೆ. ನಾಲ್ಕು ಜನ, ಡಿಕ್ಕಿ ತುಂಬ ನಿಂಬೆ ಚೀಲ, ಮೇಲೆ ಎಸಿ ಇಟ್ಟುಕೊಂಡು ಅವನ್ನು ದಾಟುವಾಗ ನನ್ನ ಎಡಗೈ ತಾನಾಗಿ ಸ್ಟೇರಿಂಗನ್ನು ಮುಂದಕ್ಕೆ ನೂಕುತ್ತಿತ್ತು, ಗಾಡಿಗೆ ಸಹಾಯ ಮಾಡುವವನ ಹಾಗೆ. ತಪ್ಪು ಗಾಡಿಯದಲ್ಲ. ಅದು ಊರೊಳಗೆ ತಿರುಗಾಡಲು, ಕಡಿಮೆ ಪೆಟ್ರೋಲಿನಲ್ಲಿ ಜಾಸ್ತಿ ಓಡಲು ಹುಟ್ಟಿದ್ದು. ಪೆಟ್ರೋಲ್ ಲೀಟರಿಗೆ 106 ರೂಪಾಯಿ ಇದ್ದಾಗ 21-22 ಕಿಲೋಮೀಟರ್ ಕೊಡುತ್ತಿತ್ತು. ಇನ್ನೇನು ಬೇಕು?

ನಿಜವಾದ ಕಾರಣ ಬೇರೆ. ಚಾಕಣದಲ್ಲಿ ತಯಾರಾಗುತ್ತಿದ್ದ ಪೋಲೊ ಕಾರುಗಳನ್ನು ಹೇರಿಕೊಂಡ ಟ್ರೇಲರುಗಳನ್ನು ನಾಶಿಕ ರೋಡಿನಲ್ಲಿ ನಾನು ವರ್ಷಗಟ್ಟಲೆ ನೋಡಿದ್ದೇನೆ. ಫೋಕ್ಸ್‌ವ್ಯಾಗನ್ ಅಲ್ಲಿ ಕಾರ್ಖಾನೆ ತೆರೆದದ್ದು 2009ರಲ್ಲಿ. ಸೆಕೆಂಡ್ ಶಿಫ್ಟ್ ಮುಗಿಸಿ ಬೈಕಿನಲ್ಲಿ ಮನೆಗೆ ಬರುವಾಗ ಭೋಸರಿ ಫ್ಲೈಓವರಿನ ಹತ್ತಿರ ಅಂಥದೊಂದು ಟ್ರೇಲರಿನ ಹಿಂದೆ ಸುಮ್ಮನೆ ಹೋಗುತ್ತಿದ್ದೆ. ಮೇಲಿನ ಅಂತಸ್ತಿನ ಕೆಂಪು ಕಾರು ನನ್ನ ಕಡೆ ಮುಖ ಮಾಡಿ ನಿಂತಿರುತ್ತಿತ್ತು. 2022ರಲ್ಲಿ ಆ ಕಾರಿನ ತಯಾರಿಕೆ ಇಲ್ಲಿ ನಿಂತೇ ಹೋಯಿತು. ನಾನು ವ್ಯಾಗನಾರ್ ಬುಕ್ ಮಾಡಿದ್ದೂ ಅದೇ ವರ್ಷ. ಇನ್ನು ಹೊಸದು ಸಿಗುವುದಿಲ್ಲ ಎಂದ ಮೇಲೆ ಆಸೆ ಸಾಯಬೇಕಿತ್ತು, ಅದು ಬಲಿಯಿತು.

ಅದಕ್ಕೆ ಗಾಳಿ ಹಾಕಿದ್ದು ಇನ್ನೊಂದು. 2023ರ ಏಪ್ರಿಲ್‌ನಲ್ಲಿ ಅಪ್ಪ ಬಂದಿದ್ದ. ಇಲ್ಲಿನವರ ಬೈಲಗಾಡಾ ಓಟ ನಿಮಗೆ ಗೊತ್ತಿರಬಹುದು. 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ನಿಲ್ಲಿಸಿತ್ತು, 2021ರ ಡಿಸೆಂಬರಿನಲ್ಲಿ ಮತ್ತೆ ಬಿಟ್ಟಿತು. ಊರು ಪೂರ್ತಿ ಫ್ಲ್ಯಾಟುಗಳಾದರೂ ಭೋಸರಿ, ಚಿಖಲಿ ಕಡೆಯ ಹಳೇ ಮನೆತನದವರು ಓಟದ ಎತ್ತು ಸಾಕುವುದನ್ನು ಬಿಟ್ಟಿಲ್ಲ. ಅಪ್ಪನನ್ನು ಒಂದು ಘಾಟಿಗೆ ಕರೆದುಕೊಂಡು ಹೋದೆ. ಏರು ದಾರಿ, ಮುಂದೆ ಒಂದು ಕುದುರೆ, ಹಿಂದೆ ಎರಡು ಜೋಡಿ ಎತ್ತು, ಗಡಿಯಾರದಲ್ಲಿ ಸೆಕೆಂಡುಗಳ ಲೆಕ್ಕ. ಎಲ್ಲ ನಮ್ಮ ಕಡೆಯವೇ ಖಿಲಾರಿ ಎತ್ತುಗಳು. ಅಪ್ಪ ಟವೆಲ್ಲು ಝಾಡಿಸಿಕೊಂಡು ಎದ್ದು ನಿಂತ. ಎಪ್ಪತ್ತಮೂರು ವರ್ಷದ, ಮೊಣಕಾಲು ಹಿಡಿದ ಮನುಷ್ಯ, ಗುರುತಿಲ್ಲದ ಯಾರದೋ ಎತ್ತುಗಳಿಗೆ ಕನ್ನಡದಲ್ಲಿ ಕೂಗಿದ. ತಿರುಗಿ ಬರುವಾಗ ವ್ಯಾಗನಾರಿನಲ್ಲಿ ಕೂತು, "ಇವು ಒಂದ ದಿನಾನೂ ನೇಗಿಲಾ ಹೊಡದಿಲ್ಲ ನೋಡ. ಓಡಾಕಂತನs ಇಟ್ಟಾರ" ಅಂದ. ಆ ಮಾತಿನಲ್ಲಿ ಬೈಗುಳವೂ ಇರಲಿಲ್ಲ, ಮೆಚ್ಚುಗೆಯೂ ಇರಲಿಲ್ಲ. ನನಗೆ ಬೇಕಾದ ಹಾಗೆ ನಾನು ಅರ್ಥ ಮಾಡಿಕೊಂಡೆ.

ದೀಪಾವಳಿ ಮುಗಿದ ಮೇಲೆ ನಿಗಡಿಯಲ್ಲಿ ಒಂದು ಸೆಕೆಂಡ್‌ಹ್ಯಾಂಡ್ ಪೋಲೊ ಸಿಕ್ಕಿತು. 2021ರದ್ದು, ಒಬ್ಬರೇ ಮಾಲೀಕರು, 22,000 ಕಿಲೋಮೀಟರ್ ಓಡಿದ್ದು, ಟಿಎಸ್‌ಐ ಎಂಜಿನ್, ಆರು ಗೇರು. ಕೆಂಪಲ್ಲ, ಬೂದು. ಬೆಲೆ 8.2 ಲಕ್ಷ. ಬೆಳಿಗ್ಗೆ ಆರಕ್ಕೆ ಸ್ಪೈನ್ ರೋಡಿನಲ್ಲಿ ಓಡಿಸಿ ನೋಡಿದೆ. ಎರಡನೇ ಗೇರಿನಲ್ಲಿ ಒತ್ತಿದಾಗ ಬೆನ್ನಿಗೆ ಯಾರೋ ಅಂಗೈ ಇಟ್ಟು ನೂಕಿದ ಹಾಗಾಯಿತು. ಒಬ್ಬನೇ ನಕ್ಕೆ.

ತಮಾಷೆ ಎಂದರೆ ಎರಡೂ ಗಾಡಿಗಳ ಎಂಜಿನ್ ಒಂದೇ ಅಳತೆಯವು. ವ್ಯಾಗನಾರಿನದು 998 ಸಿಸಿ, ಪೋಲೊದು 999. ಎರಡಕ್ಕೂ ಮೂರೇ ಸಿಲಿಂಡರು. ಆದರೆ ಅದು 67 ಕುದುರೆ, ಇದು 110. ಎಳೆಯುವ ಬಲ ಅದರದು 89 ನ್ಯೂಟನ್ ಮೀಟರ್, ಇದರದು 175. ವ್ಯತ್ಯಾಸವೆಲ್ಲ ಟರ್ಬೋದ್ದು. ಹೊರಗೆ ಹೋಗುವ ಹೊಗೆಯಿಂದಲೇ ಒಂದು ಚಕ್ರ ತಿರುಗಿಸಿ, ಅದರಿಂದ ಒಳಗೆ ಜಾಸ್ತಿ ಗಾಳಿ ತುಂಬುವುದು. ಗಾಳಿ ಜಾಸ್ತಿಯಾದಷ್ಟೂ ಪೆಟ್ರೋಲ್ ಜಾಸ್ತಿ ಉರಿಸಬಹುದು. ಅವ್ವನಿಗೆ ಇದನ್ನು ವಿವರಿಸಿದಾಗ, "ಹಂಗಾರ ಊದಗೊಳವಿ ಅನ್ನು" ಅಂದಳು. ಅಷ್ಟೇ. ಒಲೆಯ ಹೊಗೆಯೇ ಒಲೆಯನ್ನು ಊದುವ ಊದುಗೊಳವೆ.

ಈಗ ಮಾರುವ ಕಥೆ. ನಮ್ಮ ಶಾಪಿನಲ್ಲಿ ಆಳಂದದ ಕಡೆಯ ಒಬ್ಬ ಫಿಟ್ಟರ್ ಇದ್ದಾನೆ, ನನಗಿಂತ ಹತ್ತು ವರ್ಷ ಚಿಕ್ಕವನು. ಸುದ್ದಿ ಕಿವಿಗೆ ಬಿದ್ದ ದಿನವೇ ಚಹಾದ ಹೊತ್ತಿಗೆ ಬಂದ. "ಅಣ್ಣಾ, ಮಾರೋದ ಖರೇ ಇದ್ರ ನಂಗ ಕೊಡ್ರಿ. 4.9 ಆಗ್ತದ, ಅದಕ್ಕಿಂತ ಮ್ಯಾಲ ನನ್ನ ಕೈಲಿ ಆಗಲ್ಲ" ಅಂದ. ಅವನಿಗೆ ಎರಡು ಸಣ್ಣ ಮಕ್ಕಳು. ಊರಿಗೆ ಹೋಗುವಾಗ ನಾಲ್ವರೂ ಬೈಕಿನಲ್ಲಿ ಪುಣೆ ಸ್ಟೇಷನ್‌ವರೆಗೆ ಹೋಗುವುದನ್ನು ನಾನೇ ನೋಡಿದ್ದೇನೆ. ಅವನು ಹೇಳಿದ್ದು ಅನ್ಯಾಯದ ರೇಟಲ್ಲ. ಇನ್ಶೂರೆನ್ಸಿನ ಕೋಷ್ಟಕದಲ್ಲಿ ಆರು ತಿಂಗಳೊಳಗೆ ಶೇಕಡಾ 5, ವರ್ಷದೊಳಗೆ 15, ಎರಡು ವರ್ಷದೊಳಗೆ 20 ಎಂದು ಗಾಡಿಯ ಬೆಲೆ ಇಳಿಸುತ್ತಾರೆ, ಅದೂ ಶೋರೂಮ್ ಬೆಲೆಯ ಮೇಲೆ. ರಸ್ತೆ ತೆರಿಗೆ, ರಿಜಿಸ್ಟ್ರೇಶನ್, ಮೊದಲ ವರ್ಷದ ಇನ್ಶೂರೆನ್ಸ್ ಎಂದು ಕಟ್ಟಿದ್ದು ಕೊಂಡ ದಿನವೇ ನೀರಲ್ಲಿ ಹೋಮ. ಆ ಲೆಕ್ಕಕ್ಕೆ 4.9 ಒಳ್ಳೆಯ ಮಾತೇ.

ನೋಡೋಣ ಎಂದೆ. ಎಂದು, ಹಳೇ ಕಾರು ಕೊಳ್ಳುವ ಒಂದು ಕಂಪನಿಯ ಆ್ಯಪಿನಲ್ಲಿ ಗಾಡಿ ಹಾಕಿದೆ. ಮೊದಲು ಹೇಳಿದ ಹುಡುಗ ಬಂದದ್ದು ಅವರ ಕಡೆಯಿಂದ. ಅವನು ಹೋದ ಮೇಲೆ ಮೊಬೈಲಿನಲ್ಲಿ ಹರಾಜು ನಡೆಯಿತು. ಅರ್ಧ ತಾಸು, ಅಂಕಿ ಏರುತ್ತಾ ಹೋಯಿತು, ಏರಿಸುವವರು ಯಾರೆಂದು ಕಾಣುವುದಿಲ್ಲ. 5.3 ಲಕ್ಷಕ್ಕೆ ನಿಂತಿತು. ನಲವತ್ತು ಸಾವಿರ ಜಾಸ್ತಿ. ಒಪ್ಪಿಗೆ ಎಂದು ಒತ್ತಿದೆ. ಮರುದಿನ ಫಿಟ್ಟರನಿಗೆ ಹೇಳಿದಾಗ, "ಹೌದ್ರಿ, ಯಾರರೆ ಹಂಗೇ ಮಾಡ್ತಾರ ಬಿಡ್ರಿ" ಎಂದು ಗ್ಲೌಸ್ ಹಾಕಿಕೊಂಡ.

ಕಾಗದಪತ್ರದ ಕೆಲಸ ಬೇಸರದ್ದು, ಆದರೂ ಉಪಯೋಗಕ್ಕೆ ಬರಬಹುದೆಂದು ಎರಡು ಮಾತು. ಫಾರ್ಮ್ 29, 30ಕ್ಕೆ ಸಹಿ. ಸಾಲ ಇದ್ದರೆ ಅದು ತೀರಿದ ಮೇಲೆ ಬ್ಯಾಂಕಿನಿಂದ ಫಾರ್ಮ್ 35, ಎನ್‌ಒಸಿ. ಕ್ಲೇಮ್ ಮಾಡದಿದ್ದಕ್ಕೆ ಸಿಗುವ ನೋ ಕ್ಲೇಮ್ ಬೋನಸ್ ಗಾಡಿಯದಲ್ಲ, ನಿಮ್ಮದು. ಅದಕ್ಕೆ ಪತ್ರ ತೆಗೆದುಕೊಂಡರೆ ಮುಂದಿನ ಗಾಡಿಗೆ ಬರುತ್ತದೆ. ಇದನ್ನು ಎಷ್ಟೋ ಜನ ಬಿಟ್ಟುಬಿಡುತ್ತಾರೆ.

ಗಾಡಿ ಹೋದ ರಾತ್ರಿ ಲೆಕ್ಕ ಬರೆದೆ. ಕೊಂಡದ್ದು 6.9, ಮಾರಿದ್ದು 5.3. ಹದಿನಾಲ್ಕು ತಿಂಗಳು, 15,800 ಕಿಲೋಮೀಟರು. ಪೆಟ್ರೋಲ್ ಬಿಟ್ಟು ಕಿಲೋಮೀಟರಿಗೆ ಹತ್ತು ರೂಪಾಯಿ. ಕಳೆದದ್ದು 1.6 ಲಕ್ಷ. ಅಪ್ಪ ಕೊಟ್ಟದ್ದು 1.5. ಹೆಂಡತಿ ಹಿಂದಿನಿಂದ ಬಗ್ಗಿ ನೋಡಿ, "ಮಾಮಾರ ರೊಕ್ಕಾ ಅಷ್ಟೂ ಹೋತಲ್ರಿ" ಅಂದಳು. ಒಳಗೆ ಹೋದಳು. ಸೇಫ್ಟಿಯ ಮಾತನ್ನು ಅವಳು ಒಂದು ದಿನವೂ ನಂಬಿರಲಿಲ್ಲ.

ಸಂಕ್ರಾಂತಿಗೆ ಪೋಲೊ ತೆಗೆದುಕೊಂಡು ಊರಿಗೆ ಹೋದೆವು. ಅಪ್ಪನಿಗೆ ಫೋನಿನಲ್ಲಿ ಹೇಳಿರಲಿಲ್ಲ, ಧೈರ್ಯ ಆಗಿರಲಿಲ್ಲ. ದಾರಿಯಲ್ಲಿ ಟ್ರ್ಯಾಕ್ಟರುಗಳನ್ನು ಎಷ್ಟು ಸಲೀಸಾಗಿ ದಾಟಿದೆ ಎಂದರೆ, ಇಂದಾಪುರದ ಹತ್ತಿರ ಮಗಳು "ಪಪ್ಪಾ, ಸಾವಕಾಶ" ಎಂದು ಎರಡು ಸಲ ಹೇಳಿದಳು. ಅಪ್ಪ ಅಂಗಳದಲ್ಲಿ ನಿಂತು ಗಾಡಿಯ ಸುತ್ತ ಒಂದು ಸುತ್ತು ಬಂದ. ಬಾನೆಟ್ಟಿನ ಮೇಲೆ ಕೈ ಆಡಿಸಿದ. ಗುಡಿಗೆ ಹೋಗೋಣವೆಂದು ಮುಂದಿನ ಬಾಗಿಲು ತೆರೆದೆ. ಒಂದು ಕೈ ನನ್ನ ಹೆಗಲ ಮೇಲೆ, ಒಂದು ಕೈ ಬಾಗಿಲ ಮೇಲೆ ಇಟ್ಟು ಕೂರಲು ನೋಡಿ, ಅರ್ಧಕ್ಕೆ ನಿಂತ. "ಇದರಾಗ ಕುಂಡ್ರಾಕ ಇಳೀಬೇಕು, ಇಳ್ಯಾಕ ಏರಬೇಕಲ್ಲೋ" ಎಂದು ನಕ್ಕ. ಹೇಗೋ ಕೂತ. ಗುಡಿಯ ಹತ್ತಿರ ಇಳಿಸುವಾಗ ನಾನು ಎರಡೂ ಕೈ ಹಿಡಿದು ಎಬ್ಬಿಸಬೇಕಾಯಿತು.

ಊಟಕ್ಕೆ ಕೂತಾಗ ಕೇಳಿದ. "ಅದು ಯಾರ ಮನಿಗಿ ಹೋತು?"

ಹೊಲದ ಮನೆಯಲ್ಲಿ ಬೆಳೆದವರಿಗೆ ಈ ಪ್ರಶ್ನೆ ಗೊತ್ತು. ಎತ್ತು ಮಾರಿದಾಗ ಎಷ್ಟಕ್ಕೆ ಹೋಯಿತು ಎಂದು ಕೇಳುವ ಮೊದಲು ಇದನ್ನು ಕೇಳುತ್ತಾರೆ. ನಾನು ಐದನೆಯ ಇಯತ್ತೆಯಲ್ಲಿದ್ದಾಗ ಅಪ್ಪ ವಿಜಯಪುರದ ಸಿದ್ಧೇಶ್ವರ ಜಾತ್ರೆಗೆ ಒಂದು ಎತ್ತು ಹೊಡೆದುಕೊಂಡು ಹೋಗಿದ್ದ, ನಾನೂ ಜೊತೆಗಿದ್ದೆ. ಟವೆಲ್ಲಿನ ಕೆಳಗೆ ಕೈ ಹಿಡಿದು ಬೆರಳಿನಲ್ಲೇ ವ್ಯಾಪಾರ. ಒಬ್ಬ ದಲಾಲ ಐನೂರು ಜಾಸ್ತಿ ಹಿಡಿದರೂ ಅಪ್ಪ ಅವನ ಕೈ ಬಿಟ್ಟು, ನಾಗಠಾಣದ ಕಡೆಯ ಒಬ್ಬ ರೈತನಿಗೆ ಕೊಟ್ಟ. ಮುಂದಿನ ಬೇಸಿಗೆಯಲ್ಲಿ ಯಾವುದೋ ಮದುವೆಯ ನೆಪ ಮಾಡಿ ಹೋಗಿ ಆ ಎತ್ತನ್ನು ನೋಡಿಕೊಂಡು ಬಂದ. "ಮೈ ಹಿಡದೈತಿ" ಎಂದು ಅವ್ವನ ಮುಂದೆ ಹೇಳಿದ್ದು ಇನ್ನೂ ಕಿವಿಯಲ್ಲಿದೆ.

"ಕಂಪನಿಗೆ ಕೊಟ್ಟೆ ಅಪ್ಪಾ."

"ಕಂಪನಿ ಯಾರಿಗಿ ಕೊಡತೈತಿ?"

"ಗೊತ್ತಿಲ್ಲ."

ಅಪ್ಪ ರೊಟ್ಟಿ ಮುರಿದ. ಬೈದಿದ್ದರೆ ಚೆನ್ನಾಗಿತ್ತು. ದುಡ್ಡಿನ ಮಾತು ಆವತ್ತೂ ಎತ್ತಲಿಲ್ಲ, ಮುಂದೆಯೂ ಎತ್ತಲಿಲ್ಲ. ಹೊರಡುವಾಗ ಡಿಕ್ಕಿಯಲ್ಲಿ ಹಿಡಿಯದ ನಿಂಬೆ ಚೀಲವನ್ನು ಮಗಳ ಪಕ್ಕ ಹಿಂದಿನ ಸೀಟಿನಲ್ಲಿ ತಾನೇ ಇಟ್ಟ.

ಪೋಲೊ ಬಗ್ಗೆ ಪಶ್ಚಾತ್ತಾಪ ಇದೆಯೇ ಎಂದರೆ, ಇಲ್ಲ. ಭಾನುವಾರ ಬೆಳಿಗ್ಗೆ ಹಾಲು ತರುವ ನೆಪದಲ್ಲಿ ಮೋಶಿಯವರೆಗೆ ಹೋಗಿ ಬರುತ್ತೇನೆ. ಹಾಲು ಕೆಳಗಿನ ಅಂಗಡಿಯಲ್ಲೇ ಸಿಗುತ್ತದೆ. ನಲವತ್ತು ಸಾವಿರದ ಬಗ್ಗೆ ಕೇಳಿದರೆ ಮಾತ್ರ ಉತ್ತರ ಹೇಳುವುದು ಕಷ್ಟ. ಫಿಟ್ಟರ್ ಆಮೇಲೆ ಬೇರೆ ಕಡೆ ಎಂಟು ವರ್ಷ ಹಳೆಯದೊಂದು ಕಾರು ಕೊಂಡ. ಕಂಪನಿಯ ಗೇಟಿನ ಹತ್ತಿರ ನನ್ನ ಗಾಡಿಯ ಪಕ್ಕದಲ್ಲೇ ನಿಲ್ಲಿಸುತ್ತಾನೆ. ಮಾತಾಡಿಸುತ್ತಾನೆ, ಮೊದಲಿನ ಹಾಗೆಯೇ "ಅಣ್ಣಾ" ಎನ್ನುತ್ತಾನೆ.

ಒಂದು ರಾತ್ರಿ ಸರ್ಕಾರಿ ಆ್ಯಪಿನಲ್ಲಿ ಹಳೇ ನಂಬರ್ ಹಾಕಿ ನೋಡಿದೆ. ಎರಡನೇ ಮಾಲೀಕ ಎಂದು ಬಂತು. ಹೆಸರಿನ ನಡುನಡುವೆ ಅಕ್ಷರದ ಬದಲು ನಕ್ಷತ್ರಗಳು. ಅಪ್ಪನಿಗೆ ಹೇಳಲು ಅಷ್ಟರಿಂದ ಏನೂ ಆಗಲಿಲ್ಲ.

ಹೋದ ತಿಂಗಳು ನಾಶಿಕ ಫಾಟಾದಲ್ಲಿ ಒಂದು ಬೆಳ್ಳಿ ಬಣ್ಣದ ವ್ಯಾಗನಾರ್ ಕಂಡಿತು. ಎಂ.ಎಚ್. 14, ಕೊನೆಯ ಎರಡು ಅಂಕಿ ನಮ್ಮವೇ. ನಡುವೆ ಒಂದು ಬಸ್ಸು ನುಗ್ಗಿ ಮೊದಲಿನವು ಕಾಣಲಿಲ್ಲ. ನಾನು ಎಡಕ್ಕೆ ತಿರುಗಬೇಕಿತ್ತು, ನೇರ ಹೋದೆ. ದಾಪೋಡಿಯ ತನಕ ಟ್ರಾಫಿಕ್ಕಿನಲ್ಲಿ ಅದರ ಹಿಂದೆ ಬಿದ್ದು, ಕೊನೆಗೆ ಪಕ್ಕಕ್ಕೆ ಬಂದು ನೋಡಿದೆ. ನಮ್ಮದಲ್ಲ. ಹಿಂದಿನ ಸೀಟಿನಲ್ಲಿ ಬಿಳಿ ಟೋಪಿಯ ಮುದುಕರೊಬ್ಬರು ಕಟ್ಟೆಯ ಮೇಲೆ ಕೂತ ಹಾಗೆ ಕೂತಿದ್ದರು. ನಾನು ದಿಟ್ಟಿಸುವುದನ್ನು ಕಂಡು, ಗುರುತಿನವನಿರಬೇಕು ಎಂದುಕೊಂಡು ಕೈ ಎತ್ತಿದರು. ನಾನೂ ಎತ್ತಿದೆ.