ಲೂಕಾಸ್ ಡಬ್ಬಿಯ ಬೇಟೆ

ಇಂಗ್ಲೆಂಡಿನ ಹ್ಯಾಂಪ್‌ಶೈರ್‌ನಲ್ಲಿ ಬ್ಯೂಲಿ ಎಂಬ ಊರಿದೆ. ಪ್ರತಿ ಸೆಪ್ಟೆಂಬರಿನಲ್ಲಿ ಅಲ್ಲಿನ ಹುಲ್ಲುಗಾವಲಿನಲ್ಲಿ ಹಳೇ ಕಾರುಗಳ ಬಿಡಿಭಾಗದ ಸಂತೆ ನೆರೆಯುತ್ತದೆ. 1967ರಲ್ಲಿ ಶುರುವಾದ ಈ ಆಟೋಜಂಬಲ್‌ಗೆ ಬರುವವರಲ್ಲಿ ಒಂದು ಜಾತಿಯವರನ್ನು ದೂರದಿಂದಲೇ ಗುರುತಿಸಬಹುದು. ಬಾನೆಟ್, ಚಕ್ರ, ಹೆಡ್‌ಲ್ಯಾಂಪುಗಳ ಕಡೆ ಅವರು ತಿರುಗಿಯೂ ನೋಡುವುದಿಲ್ಲ. ತುಕ್ಕು ಹಿಡಿದ ಟ್ರೇಗಳ ಮುಂದೆ ಬಗ್ಗಿ, ಎಣ್ಣೆ ಜಿಡ್ಡಿನ ಡಿಸ್ಟ್ರಿಬ್ಯೂಟರನ್ನು ಎತ್ತಿಕೊಂಡು, ಹೆಬ್ಬೆರಳಿನಿಂದ ಜಿಡ್ಡು ಒರೆಸಿ ನಂಬರ್ ಓದುತ್ತಾರೆ.

ಕೈಯಲ್ಲಿರುವುದು ಲೂಕಾಸ್ ಕಂಪನಿಯ 25ಡಿ4 ಅಂದುಕೊಳ್ಳಿ. 1962ರಿಂದ 1980ರವರೆಗೆ ಆಬಿಂಗ್ಡನ್‌ನಲ್ಲಿ ತಯಾರಾದ ಎಂಜಿಬಿ ಕಾರಿನ ಮೊದಲರ್ಧಕ್ಕೆ ಕಿಡಿ ಹಂಚಿದ್ದು ಇದೇ. ಮೈಮೇಲೆ 40897 ಎಂದಿದ್ದರೆ ಮೊದಮೊದಲ ಗಾಡಿಗಳದು, 41288 ಎಂದಿದ್ದರೆ ಆಮೇಲಿನದು. ಪಕ್ಕದಲ್ಲೇ ಅದು ತಯಾರಾದ ವಾರ ಮತ್ತು ವರ್ಷವನ್ನೂ ಒತ್ತಿರುತ್ತಾರೆ. ಎಂಜಿನ್ ವೇಗ ಏರಿದಂತೆ ಕಿಡಿ ಎಷ್ಟು ಡಿಗ್ರಿ ಮುಂಚೆ ಹಾರಬೇಕೆಂಬ ಲೆಕ್ಕ ಒಳಗಿನ ತೂಕ, ಸ್ಪ್ರಿಂಗುಗಳಲ್ಲಿ ಅಡಗಿದೆ. ನಂಬರ್ ಬೇರೆಯಾದರೆ ಆ ಲೆಕ್ಕವೂ ಬೇರೆ. ನಂಬರ್ ಓದಿದ ಮೇಲೆ ಬಲ್ಲವರು ಶಾಫ್ಟನ್ನು ಎರಡು ಬೆರಳಲ್ಲಿ ಹಿಡಿದು ಅಡ್ಡಕ್ಕೆ ಅಲ್ಲಾಡಿಸುತ್ತಾರೆ. ಲಟಲಟ ಎಂದರೆ ಬುಷ್ ಸವೆದಿದೆ, ಕರೆಂಟನ್ನು ಕಡಿದು ಕಿಡಿ ಹುಟ್ಟಿಸುವ ಪಾಯಿಂಟಿನ ಗ್ಯಾಪ್ ಒಂದೇ ಕಡೆ ನಿಲ್ಲುವುದಿಲ್ಲ. ತುಟಿ ಓರೆ ಮಾಡಿ ಕೆಳಗಿಡುತ್ತಾರೆ.

ಅಂಗಡಿಯಲ್ಲಿ ಹೊಸದು ಸಿಗುವಾಗ ಇಷ್ಟೆಲ್ಲ ಯಾಕೆ?

ಉತ್ತರ ಡಿಸ್ಟ್ರಿಬ್ಯೂಟರಿನೊಳಗೆ ತಿರುಗುವ ರೋಟರ್‌ನಲ್ಲಿದೆ. ಬೆರಳುದ್ದವೂ ಇಲ್ಲದ ಪ್ಲಾಸ್ಟಿಕ್ ತುಂಡು, ತಲೆಯ ಮೇಲೊಂದು ಹಿತ್ತಾಳೆ ಪಟ್ಟಿ. ಈಚಿನ ಅಗ್ಗದ ನಕಲುಗಳಲ್ಲಿ ಆ ಪಟ್ಟಿಯನ್ನು ರಿವೆಟ್ ಹೊಡೆದು ಕೂರಿಸಿರುತ್ತಾರೆ. ರಿವೆಟ್‌ನ ತುದಿಗೂ ಒಳಗೆ ಶಾಫ್ಟನ್ನು ಕಚ್ಚಿಕೊಳ್ಳುವ ಸ್ಪ್ರಿಂಗ್ ಕ್ಲಿಪ್ಪಿಗೂ ನಡುವೆ ತೆಳ್ಳನೆಯ ಪ್ಲಾಸ್ಟಿಕ್ ಪದರ ಮಾತ್ರ. ಸಾವಿರಾರು ವೋಲ್ಟಿನ ಕರೆಂಟಿಗೆ ಅಷ್ಟು ಸಂದು ಸಾಕು. ಪ್ಲಗ್ ಕಡೆ ಹೋಗುವ ಬದಲು ಸೀದಾ ಶಾಫ್ಟಿಗಿಳಿದು ಮಾಯ. ಮೇಲಿಂದ ನೋಡಿದರೆ ರೋಟರ್ ಹೊಚ್ಚಹೊಸದು, ಗಾಡಿ ಮಾತ್ರ ನಡುರಸ್ತೆಯಲ್ಲಿ. ಈ ಕಾಟ ತಡೆಯಲಾರದೆ ರಿವೆಟ್ ಇಲ್ಲದ ಕೆಂಪು ರೋಟರ್ ಮಾರುಕಟ್ಟೆಗೆ ಬಂತು. ಕ್ಯಾಪ್ ತೆಗೆದಾಗ ಒಳಗೆ ಕೆಂಪು ಕಂಡರೆ ಗಾಡಿಯ ಯಜಮಾನ ಪೆಟ್ಟು ತಿಂದು ಪಾಠ ಕಲಿತವನೆಂದು ತಿಳಿಯಬೇಕು.

ಪಾಯಿಂಟಿನ ಜೊತೆಗಿರುವ ಕಂಡೆನ್ಸರ್ ಇನ್ನೂ ಕಳ್ಳ. ಮೇಜಿನ ಮೇಲೆ ಮೀಟರ್ ಹಚ್ಚಿದರೆ ಎಲ್ಲ ಸರಿ. ಎಂಜಿನ್ ಬಿಸಿಯೇರಿದ ಮೇಲೆ ಕೈಕೊಡುತ್ತದೆ. ಗಾಡಿ ನಿಲ್ಲುತ್ತದೆ, ತಣ್ಣಗಾಗುತ್ತದೆ, ಏನೂ ಆಗಿಲ್ಲವೆಂಬಂತೆ ಮತ್ತೆ ಸ್ಟಾರ್ಟ್ ಆಗುತ್ತದೆ. ಪೆಟ್ರೋಲ್ ಪಂಪಿನ ಮೇಲೆ ಗುಮಾನಿಪಟ್ಟು ಅದನ್ನು ಬಿಚ್ಚಿ ಹರಡಿಕೊಂಡವರಿಗೆ ಲೆಕ್ಕವಿಲ್ಲ. ಅದಕ್ಕೇ ಚೆನ್ನಾಗಿ ಓಡುತ್ತಿರುವ ಹಳೇ ಕಂಡೆನ್ಸರನ್ನು ಸರ್ವೀಸಿನ ನೆಪದಲ್ಲಿ ಬದಲಾಯಿಸಬೇಡಿ ಎನ್ನುತ್ತಾರೆ ಅನುಭವಸ್ಥರು. ಜಿಪುಣತನದಂತೆ ಕೇಳಿಸಿದರೂ ಅದು ಜಾಣತನವೇ. ಪಾಯಿಂಟಿನ ವಿಷಯ ಅಷ್ಟು ಗಹನವಲ್ಲ: 15 ಥೌ (ಇಂಚಿನ ಸಾವಿರದಲ್ಲಿ 15 ಪಾಲು) ಫೀಲರ್ ಗೇಜ್, ಕ್ಯಾಮ್ ಮೇಲೆ ಚಿಟಿಕೆ ಗ್ರೀಸ್, ಕ್ಯಾಮಿಗೆ ಉಜ್ಜುವ ಹೊಸ ಹಿಮ್ಮಡಿ ಸವೆದು ಹದಕ್ಕೆ ಬಂದ ಮೇಲೆ ಇನ್ನೊಮ್ಮೆ ಗ್ಯಾಪ್.

ಕಿಡಿಗೆ ಬೇಕಾದ ವೋಲ್ಟೇಜ್ ಏರಿಸುವ ಕಾಯಿಲ್ ಕೊಳ್ಳುವಾಗ ಮಾತ್ರ ಬಣ್ಣಕ್ಕೆ ಮರುಳಾಗಬಾರದು. ಹಳೇ ಎಂಜಿಬಿಗೆ ಸುಮಾರು 3 ಓಮ್‌ನ ಕಾಯಿಲ್ ಬೇಕು. ರಬ್ಬರ್ ಬಂಪರ್ ಬಂದ ಮೇಲಿನ ಗಾಡಿಗಳಲ್ಲಿ ಕರೆಂಟಿನ ದಾರಿಯಲ್ಲೇ ತಡೆಯೊಡ್ಡುವ ಬ್ಯಾಲಾಸ್ಟ್ ವೈರ್ ಇರುವುದರಿಂದ ಸುಮಾರು 1.5 ಓಮ್ ನಡೆಯುತ್ತದೆ. ಅದನ್ನು ತಂದು ಹಳೇ ಗಾಡಿಗೆ ಹಾಕಿದರೆ ಪಾಯಿಂಟು ಸುಟ್ಟು ಕಪ್ಪಾಗುತ್ತದೆ.

ಈ ಬೇಟೆಗೆ ಬೆಂಗಳೂರಿನ ನಂಟೂ ಉಂಟು. ಅಂಬಾಸಿಡರ್ ಕಾರಿನ 1489 ಸಿಸಿ ಪೆಟ್ರೋಲ್ ಎಂಜಿನ್ ಎಂಜಿಬಿಯ 1798 ಸಿಸಿ ಎಂಜಿನ್ನಿನ ದಾಯಾದಿ. ಎರಡೂ ಬಿಎಂಸಿಯ ಬಿ ಸರಣಿಯವು. ಹಾಗಾಗಿ ಜೆ.ಸಿ. ರಸ್ತೆಯ ಹಳೇ ಅಂಗಡಿಯಲ್ಲಿ ದೂಳು ಕುಡಿದ ಲೂಕಾಸ್-ಟಿವಿಎಸ್ ಡಬ್ಬಿ ಕಂಡರೆ ಬಲ್ಲವರ ಕಿವಿ ನೆಟ್ಟಗಾಗುತ್ತದೆ. ಆದರೆ ಅಲ್ಲೂ ನಂಬರ್ ನೋಡದೆ ಜೇಬಿಗೆ ಕೈ ಹಾಕುವಂತಿಲ್ಲ.

ಈ ರಗಳೆಯೇ ಬೇಡವೆನ್ನುವವರಿಗೆ ಕ್ಯಾಪ್‌ನೊಳಗೆ ಬಚ್ಚಿಟ್ಟುಕೊಳ್ಳುವ ಎಲೆಕ್ಟ್ರಾನಿಕ್ ಕಿಟ್ ಇದೆ. ಕ್ಯಾಮ್ ಮೇಲೆ ಅಯಸ್ಕಾಂತದ ಉಂಗುರ, ಪಕ್ಕದಲ್ಲಿ ಪುಟ್ಟ ಮಾಡ್ಯೂಲ್. ಪಾಯಿಂಟೂ ಇಲ್ಲ, ಕಂಡೆನ್ಸರೂ ಇಲ್ಲ. ಕೊಳ್ಳುವ ಮುಂಚೆ ಬ್ಯಾಟರಿಯನ್ನೊಮ್ಮೆ ನೋಡಬೇಕು: 1967ರವರೆಗಿನ ಎಂಜಿಬಿಗಳಲ್ಲಿ ಅರ್ತ್ ಆಗಿರುವುದು ಪಾಸಿಟಿವ್, ನೆಗೆಟಿವ್ ಅರ್ತ್ ಕಿಟ್ ಅಲ್ಲಿ ಕ್ಷಣದಲ್ಲೇ ಸುಟ್ಟುಹೋದೀತು. ಸರಿಯಾದದ್ದನ್ನೇ ಹಾಕಿಸಿಕೊಂಡು ನಿಶ್ಚಿಂತೆಯಿಂದ ಓಡಿಸುವವರ ಡಿಕ್ಕಿ ತೆಗೆದು ನೋಡಿ. ಸ್ಪೇರ್ ಚಕ್ರದ ಪಕ್ಕ ಒಂದು ತಗಡಿನ ಡಬ್ಬಿ. ಅದರಲ್ಲಿ ಗ್ಯಾಪ್ ಕೂರಿಸಿ ಸಿದ್ಧಮಾಡಿದ ಪಾಯಿಂಟ್, ಹಳೇ ಕಂಡೆನ್ಸರ್, ಒಂದು ಕೆಂಪು ರೋಟರ್.