ಈ ಊರಾಗೆ ಹೀಟರ್ ಯಾರಿಗೆ ಬೇಕ್ರಿ?

ಬಾಗಿಲು ತೆಗೆದ ಕೂಡಲೇ ಮೂಗಿಗೆ ಬಡಿಯುವುದು ಒಂಥರಾ ಸಿಹಿ ವಾಸನೆ. ಎಡಗಡೆ ಸೀಟಿನ ಮುಂದಿರುವ ರಬ್ಬರ್ ಮ್ಯಾಟ್ ಎತ್ತಿ ಕೈಯಿಟ್ಟು ನೋಡಿ. ಕೆಳಗಿನ ಕಾರ್ಪೆಟ್ ಒದ್ದೆ, ಬೆರಳಿಗೆ ಬೆರಳು ಅಂಟುತ್ತದೆ. ಮುಂದಿನ ಗಾಜಿನ ಒಳಮೈಗೆ ಎಣ್ಣೆ ಸವರಿದಂಥ ಪೊರೆ. ಬಟ್ಟೆಯಲ್ಲಿ ಒರೆಸಿದಷ್ಟೂ ಹರಡುತ್ತದೆ. ಮಳೆ ನೀರಾಗಿದ್ದರೆ ಹೀಗೆ ಅಂಟುತ್ತಿರಲಿಲ್ಲ. ಅಷ್ಟಕ್ಕೂ ಏಪ್ರಿಲ್‌ನ ದಾವಣಗೆರೆಗೆ ಮಳೆ ಎಲ್ಲಿಂದ ಬರಬೇಕು?

ಎಂ.ಸಿ.ಸಿ. ಬಿ ಬ್ಲಾಕಿನ ಒಂದು ಅಡ್ಡರಸ್ತೆ, ಬೆಳಗಿನ ಏಳೂವರೆ. ಹೊಂಗೆ ಮರದ ಕೆಳಗೆ ಬಿಳಿ ಮಾರುತಿ 800. ರಾತ್ರಿಯಿಡೀ ನಿಂತಿದ್ದರಿಂದ ಎಂಜಿನ್ ತಣ್ಣಗಿದೆ, ಈ ಕೆಲಸಕ್ಕೆ ಅದು ಹಾಗೇ ಇರಬೇಕು. ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳ ತಿರುಗಿಸಿದರೆ ಒತ್ತಡದಲ್ಲಿದ್ದ ಕುದಿನೀರು ನೇರ ಮುಖಕ್ಕೆ ಚಿಮ್ಮುತ್ತದೆ. ಯಜಮಾನರು ಗೇಟಿಗೆ ಒರಗಿ ನಿಂತಿದ್ದಾರೆ. ಹರಿಹರದ ಮೈಸೂರು ಕಿರ್ಲೋಸ್ಕರ್‌ನಲ್ಲಿ ಫಿಟ್ಟರ್ ಆಗಿದ್ದವರು. 1941ರಲ್ಲಿ ಶುರುವಾಗಿ ದೇಶದ ಮೂಲೆಮೂಲೆಗೆ ಲೇತ್ ಕಳಿಸಿದ ಆ ಕಾರ್ಖಾನೆ ಬಾಗಿಲು ಹಾಕಿ ಎಷ್ಟೋ ವರ್ಷವಾಯಿತು. ಇವರ ಟೂಲ್ ಪೆಟ್ಟಿಗೆ ಮಾತ್ರ ಇನ್ನೂ ದಿನಾ ತೆರೆಯುತ್ತದೆ.

ಮಿಸ್ತ್ರಿ ಬೈಕ್ ನಿಲ್ಲಿಸಿ, ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ, ಹಾಗೇ ಹೊರಬರುತ್ತಾನೆ.

“ಹೀಟರ್ ಕಾಕ್ ಹೋಗೈತ್ರಿ ಯಜಮಾನ್ರೆ. ಬೈಪಾಸ್ ಮಾಡಿ ಬಿಡ್ತೀನಿ, ಅರ್ಧ ತಾಸಿನ ಕೆಲ್ಸ. ಈ ಊರಾಗೆ ಹೀಟರ್ ಯಾರಿಗೆ ಬೇಕ್ರಿ?”

“ನನಗೆ ಬೇಕಪ್ಪ.”

ಇಬ್ಬರೂ ಒಂದು ಗಳಿಗೆ ಸುಮ್ಮನಾಗುತ್ತಾರೆ. ಅಷ್ಟರಲ್ಲಿ ನೀವೂ ಬಗ್ಗಿ ಒಳಗೆ ನೋಡಬಹುದು. ಎಂಜಿನ್ನಿನಲ್ಲಿ ಬಿಸಿಯಾದ ಕೂಲಂಟ್‌ನ ಒಂದು ಪಾಲು ಎರಡು ರಬ್ಬರ್ ಪೈಪುಗಳಲ್ಲಿ ಕಾರಿನೊಳಗಿನ ಹೀಟರ್ ಡಬ್ಬಿಗೆ ಬಂದು ಹೋಗುತ್ತದೆ. ಡಬ್ಬಿಯೊಳಗೆ ಒಂದು ಮರಿ ರೇಡಿಯೇಟರ್. ಅದಕ್ಕೆ ನೀರು ಬಿಡುವ, ನಿಲ್ಲಿಸುವ ನಲ್ಲಿಯೇ ಹೀಟರ್ ಕಾಕ್. ಮೇಲಿನ ಲಿವರ್ ಸರಿಸಿದರೆ ಕೇಬಲ್ ಎಳೆದು ನಲ್ಲಿ ತಿರುಗುತ್ತದೆ. ದಾವಣಗೆರೆಯಲ್ಲಿ ಆ ಲಿವರ್ ವರ್ಷಗಟ್ಟಲೆ ತಣ್ಣನೆಯ ತುದಿಯಲ್ಲೇ ಕೂತಿರುತ್ತದೆ. ಅಲುಗದ ನಲ್ಲಿಯೊಳಗೆ ರಬ್ಬರ್ ಒಣಗಿ ಗಟ್ಟಿಯಾಗುತ್ತದೆ. ಹಿಂದಿನ ಮಾಲೀಕರು ಬೋರ್ ನೀರು ಸುರಿದಿದ್ದರೆ ಮೇಲೊಂದು ಸುಣ್ಣದ ಪದರ. ಆಮೇಲೆ ಯಾವುದೋ ಮಗು ಆಟಕ್ಕೆ ಲಿವರ್ ಎಳೆದರೆ ಸಾಕು, ಸೋರಿಕೆ ಶುರು. ಇಲ್ಲಿ ಹೀಟರ್ ಕೆಡುವುದು ಬಳಸಿ ಅಲ್ಲ, ಬಳಸದೆ.

ಮಿಸ್ತ್ರಿ ಹೇಳಿದ್ದರಲ್ಲಿ ಮೋಸವೇನಿಲ್ಲ. ಎರಡು ಪೈಪುಗಳನ್ನೂ ಎಂಜಿನ್ ಕಡೆಯೇ ಒಂದಕ್ಕೊಂದು ಜೋಡಿಸಿಬಿಟ್ಟರೆ ನೀರು ಒಳಗೆ ಬರುವುದೇ ಇಲ್ಲ, ಸೋರುವ ಮಾತೂ ಇಲ್ಲ. ಆದರೆ ಯಜಮಾನರು ಮಗಳನ್ನು ಕೊಟ್ಟಿರುವುದು ತೀರ್ಥಹಳ್ಳಿಗೆ. ಜುಲೈನಲ್ಲಿ ಶಿವಮೊಗ್ಗ ದಾಟಿದ ಮೇಲೆ ಕಿಟಕಿ ಏರಿಸಿ ನಾಲ್ಕು ಜನ ಕೂತರೆ ಗಾಜು ಮಬ್ಬಾಗುತ್ತದೆ. ಎಸಿ ಇಲ್ಲದ ಈ ಕಾರಿನಲ್ಲಿ ಆ ಮಬ್ಬು ಕರಗಿಸಲು ಇರುವುದು ಬಿಸಿ ಗಾಳಿಯೊಂದೇ. ಅವರಿಗೆ ಇನ್ನೊಂದು ಕಾರಣವೂ ಇದೆ, ನನಗೆ ಅದೇ ಹೆಚ್ಚು ತೂಕದ್ದು ಅನ್ನಿಸುತ್ತದೆ. ಘಾಟಿ ಏರುವಾಗ ಟೆಂಪರೇಚರ್ ಮುಳ್ಳು ಕೆಂಪಿನ ಕಡೆ ಹೊರಳಿದರೆ, ಹೀಟರ್ ಪೂರ್ತಿ ತೆರೆದು ಫ್ಯಾನ್ ಹಾಕಬೇಕು. ಮರಿ ರೇಡಿಯೇಟರ್ ಒಂದಿಷ್ಟು ಶಾಖ ಎಳೆದುಕೊಳ್ಳುತ್ತದೆ. ಒಳಗಿದ್ದವರು ಬೇಯುತ್ತಾರೆ, ಎಂಜಿನ್ ಹೆಡ್ ಉಳಿಯುತ್ತದೆ.

ಕೆಳಗೆ ಅಗಲವಾದ ಬೋಗುಣಿ ಇಟ್ಟು ರೇಡಿಯೇಟರ್ ಖಾಲಿ ಮಾಡುತ್ತಾರೆ. ಹಸಿರಾಗಿರಬೇಕಾದ ಕೂಲಂಟ್ ತುಕ್ಕಿನ ಬಣ್ಣಕ್ಕೆ ತಿರುಗಿದೆ. ಬೀದಿ ನಾಯಿಯೊಂದು ಮೂಸಲು ಬರುತ್ತದೆ. “ಹಚಾ!” ಯಜಮಾನರು ಓಡಿಸಿ, ಬೋಗುಣಿಯನ್ನು ಕಾಂಪೌಂಡಿನ ಒಳಗಿಡುತ್ತಾರೆ. ಕೂಲಂಟ್‌ನಲ್ಲಿರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ನಾಯಿ ನೆಕ್ಕಿದರೆ ಮೂತ್ರಪಿಂಡ ಕೆಟ್ಟು ಸಾಯುತ್ತದೆ. ಚರಂಡಿಗೆ ಚೆಲ್ಲಿ ಕೈತೊಳೆದುಕೊಳ್ಳುವ ಸರಕಲ್ಲ ಇದು.

ಈಗ ಮಿಸ್ತ್ರಿ ಬೆನ್ನಡಿ ಮಾಡಿ ಮಲಗಿ, ಕಾಲು ಬಾಗಿಲಿಂದ ಹೊರಗೆ ಚಾಚಿ, ತಲೆಯನ್ನು ಹೀಟರ್ ಡಬ್ಬಿಯ ಕೆಳಗೆ ಇಟ್ಟಿದ್ದಾನೆ. ಟಾರ್ಚ್ ನಿಮ್ಮ ಕೈಯಲ್ಲಿ. “ಸ್ವಲ್ಪ ಎಡಕ್ಕೆ ಬಿಡ್ರಿ... ಹಾಂ, ಅಲ್ಲೇ.” ಕಾಕ್‌ನ ಮೈಯಿಂದ ಒಂದು ಹನಿ ಇಳಿದು ಅವನ ಕೆನ್ನೆ ಮೇಲೆ ಬೀಳುತ್ತದೆ. ಕ್ಲಾಂಪ್ ಸಡಿಲವಾಯಿತು, ಪೈಪು ಮಾತ್ರ ಕದಲುತ್ತಿಲ್ಲ. ಅವನು ಜಗ್ಗಲು ಹೋಗುತ್ತಾನೆ.

“ಜಗ್ಗಬ್ಯಾಡ ತಮ್ಮಾ, ಕೊಯ್ಯಿ. ಪೈಪ್ ಹೋದ್ರೆ ಹೊಸದು ಸಿಗ್ತೈತಿ. ಒಳಗಿನ ನಳಿಗೆ ಮುರಿದ್ರೆ ಡ್ಯಾಶ್‌ಬೋರ್ಡೇ ಬಿಚ್ಚಬೇಕು.”

ಬ್ಲೇಡು ಉದ್ದಕ್ಕೆ ಎಳೆದ ಮೇಲೆ ರಬ್ಬರ್ ಸಿಪ್ಪೆ ಸುಲಿದು ಬರುತ್ತದೆ. ಬಿಚ್ಚಿದ ಕಾಕ್ ಯಜಮಾನರ ಅಂಗೈ ಸೇರುತ್ತದೆ. ಅವರು ಜಗಲಿಯ ಮೇಲೆ ಕೂತು ಅದನ್ನು ಕಳಚಿ, ದಂಡವನ್ನು ಕಣ್ಣಿನ ಹತ್ತಿರ ತಿರುಗಿಸುತ್ತಾರೆ. ಓ-ರಿಂಗ್ ದುಂಡು ಬಿಟ್ಟು ಚಪ್ಪಟೆಯಾಗಿದೆ. ಅದೊಂದೇ ಆಗಿದ್ದರೆ ರಿಪೇರಿ ಮಾಡುತ್ತಿದ್ದರೇನೋ. ದಂಡದ ಮೇಲೂ ತುಕ್ಕು ತಿಂದ ಗುಳಿಗಳಿವೆ. ಹೊಸ ರಿಂಗ್ ಹಾಕಿದರೂ ಆ ಗುಳಿಗಳು ಅದನ್ನು ಉಜ್ಜಿ ಉಜ್ಜಿ ಹರಿಯುತ್ತವೆ. “ಇದು ಮುಗೀತು,” ಎಂದು ಪಕ್ಕಕ್ಕಿಡುತ್ತಾರೆ. ಇಷ್ಟು ಬೇಗ ಬಿಟ್ಟುಕೊಡುತ್ತಾರೆಂದು ಮಿಸ್ತ್ರಿಯೂ ಎಣಿಸಿರಲಿಲ್ಲ.

1983ರ ಡಿಸೆಂಬರ್‌ನಲ್ಲಿ ರಸ್ತೆಗಿಳಿದ 800ರ ತಯಾರಿಕೆ 2014ರ ಜನವರಿಗೆ ನಿಂತಿತು. ಬಿಡಿಭಾಗಕ್ಕೆ ಅಷ್ಟೇನೂ ಬರವಿಲ್ಲ, ಮಿಸ್ತ್ರಿ ಪಿ.ಬಿ. ರಸ್ತೆಗೆ ಹೋಗಿ ಕಾಕ್, ಪೈಪು, ಕ್ಲಾಂಪು, ಕೂಲಂಟ್ ಎಲ್ಲವನ್ನೂ ತರುತ್ತಾನೆ. ಕಾಕ್ ಒರಿಜಿನಲ್ ಅಲ್ಲ. ಅದರ ಪಿನ್ನು ಕೇಬಲ್ಲಿನ ಕಣ್ಣಿಗೆ ಕೂದಲೆಳೆಯಷ್ಟು ದಪ್ಪ. ಯಜಮಾನರಿಗೆ ಇದಕ್ಕಿಂತ ಖುಷಿ ಬೇಕೆ? ಪೆಟ್ಟಿಗೆಯಿಂದ ಸಣ್ಣ ಅರ ಹೊರಬರುತ್ತದೆ. ನಾಲ್ಕು ಸಲ ಉಜ್ಜು, ಹಾಕಿ ನೋಡು, ಮತ್ತೆರಡು ಸಲ ಉಜ್ಜು. ಪಿನ್ನು ಅಲುಗದೆ, ಬಿಗಿಯದೆ ಕೂರುತ್ತದೆ.

ಕಾಕ್ ಮೇಲಿನ ಬಾಣದ ಗುರುತು ನೀರು ಹರಿಯುವ ದಿಕ್ಕಿಗಿರಬೇಕು. ಲಿವರ್ ತಣ್ಣನೆಯ ತುದಿಯಲ್ಲಿದ್ದಾಗ ನಲ್ಲಿ ಪೂರ್ತಿ ಮುಚ್ಚಿರುವ ಹಾಗೆ ನೋಡಿಕೊಂಡು ಕೇಬಲ್ ಬಿಗಿಯುತ್ತಾರೆ. ಕೂಲಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ. ಲಿವರನ್ನು ಬಿಸಿಯ ತುದಿಗೆ ಎಳೆದು, ಮುಚ್ಚಳ ತೆಗೆದೇ ಎಂಜಿನ್ ಚಾಲೂ ಮಾಡುತ್ತಾರೆ. ರೇಡಿಯೇಟರ್ ಬಾಯಲ್ಲಿ ಗುಳ್ಳೆ ಏಳುತ್ತವೆ, ಮಟ್ಟ ಇಳಿಯುತ್ತದೆ, ಮಿಸ್ತ್ರಿ ಮತ್ತೆ ಸುರಿಯುತ್ತಾನೆ. 80 ಡಿಗ್ರಿ ದಾಟಿ ಥರ್ಮೋಸ್ಟಾಟ್ ತೆರೆದಾಗ ಮೇಲಿನ ದಪ್ಪ ಪೈಪು ಬಿಸಿಯಾಗುತ್ತದೆ. ಹೀಟರಿನ ಎರಡೂ ಪೈಪು ಮುಟ್ಟಿ ನೋಡಿ: ಒಂದು ಬಿಸಿ, ಇನ್ನೊಂದು ತಣ್ಣಗಿದ್ದರೆ ಒಳಗೆ ಗಾಳಿ ಕೂತಿದೆ ಎಂದರ್ಥ. ಎರಡೂ ಬಿಸಿಯಾಗಿವೆ.

ಮುಚ್ಚಳ ಹಾಕಿ, ನೀವು ಎಡಗಡೆ ಸೀಟಿನಲ್ಲಿ ಕೂರುತ್ತೀರಿ. ಯಜಮಾನರು ಫ್ಯಾನ್ ಹಾಕುತ್ತಾರೆ. ಹೊರಗೆ ಆಗಲೇ ಉರಿಬಿಸಿಲು, ಒಳಗೆ ಮೊಣಕಾಲಿಗೆ ಕಾದ ಗಾಳಿ. ಒಂದೇ ನಿಮಿಷಕ್ಕೆ ಅಂಗಿ ಬೆನ್ನಿಗೆ ಅಂಟುತ್ತದೆ. ಮಿಸ್ತ್ರಿ ಟಾರ್ಚ್ ಬಿಟ್ಟು ಕಾಕ್‌ನ ಸುತ್ತ ಬೆರಳಾಡಿಸಿ ತೋರಿಸುತ್ತಾನೆ, ಒಣಗಿದೆ.

“ತಿಂಗಳಿಗೊಂದ್ಸಲ ಲಿವರ್ ಆಕಡಿ ಈಕಡಿ ಎಳೀರಿ, ಬ್ಯಾಸಿಗ್ಯಾಗೂ. ಸಂಜಿಗೆ ತಣ್ಣಗಾದ್ಮ್ಯಾಲೆ ಕ್ಲಾಂಪ್ ಇನ್ನೊಂದ್ಸಲ ಬಿಗೀಬೇಕು, ಬರ್ತೀನಿ.”

“ನೀ ಯಾಕ ಬರ್ತೀ, ನಾನೇ ಬಿಗೀತೀನಿ ಬಿಡು,” ಎನ್ನುತ್ತಾ ಯಜಮಾನರು ಒದ್ದೆ ಕಾರ್ಪೆಟ್ ಕಿತ್ತು ಕಾಂಪೌಂಡ್ ಗೋಡೆಗೆ ಹಾಕುತ್ತಾರೆ.