ನೀರಿಗೆ ಹೆಪ್ಪು

ಹೆಂಗಸರ ಹವ್ಯಾಸಗಳ ಬಗ್ಗೆ ನಮ್ಮಲ್ಲಿ ಎಲ್ಲಿಯೂ ಬರೆದಿಡದ ಒಂದು ಕಾನೂನಿದೆ. ಹವ್ಯಾಸ ಯಾವುದೇ ಇರಲಿ, ಮನೆಗೆ ಉಪಯೋಗವಾಗಬೇಕು. ಕಸೂತಿ ಹಾಕಿದರೆ ದಿಂಬಿನ ಚೀಲವಾಗಬೇಕು, ಕೈತೋಟ ಮಾಡಿದರೆ ಕರಿಬೇವಾದರೂ ಬರಬೇಕು, ಸಂಗೀತ ಕಲಿತರೆ ಗೌರಿಹಬ್ಬದ ಆರತಿ ಹಾಡಿಗಾದರೂ ಒದಗಬೇಕು. ಇಂಥದರಲ್ಲಿ ಅರವತ್ತರ ಹತ್ತಿರ ಬಂದ ಹೆಂಗಸೊಬ್ಬಳು, ಅದೂ ಮೊಟ್ಟೆಯನ್ನು ಕೂಡ ಒಳಗೆ ತರದ ಮನೆಯವಳು, ಚೀಟಿ ಎತ್ತಿದ ದುಡ್ಡಿನಲ್ಲಿ ಮೀನು ಸಾಕುತ್ತೇನೆಂದು ಹೊರಟರೆ ಏನಾದೀತು, ನೀವೇ ಊಹಿಸಿ. ಮೀನನ್ನು ತಿನ್ನುವ ಹಾಗಿಲ್ಲ, ಪೂಜೆ ಮಾಡುವ ಹಾಗಿಲ್ಲ, ನಾಯಿಯಂತೆ ಅದು ಮನೆ ಕಾಯುವುದೂ ಇಲ್ಲ. "ವಾಸ್ತುಗೇನಾದ್ರೂ ಒಳ್ಳೇದಂತಾ ಅಕ್ಕ?" ಎಂದು ನನ್ನ ಓರಗಿತ್ತಿ ಕೇಳಿದಳು. ಹೌದು ಅಂದುಬಿಟ್ಟಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. "ಇಲ್ಲ, ನೋಡೋದಕ್ಕೆ" ಅಂದೆ. ನೋಡುವುದಕ್ಕೆ! ಮನೆಯಲ್ಲಿ ಟೀವಿ ಇಲ್ಲವೇ?

ನಾನು ಆಸೆಪಟ್ಟದ್ದು ಡಿಸ್ಕಸ್ ಎಂಬ ಮೀನಿಗೆ. ಆಟದ ಮೈದಾನದಲ್ಲಿ ಎಸೆಯುವ ಡಿಸ್ಕಸ್‌ನ ಹಾಗೇ ದುಂಡಗಿರುವುದರಿಂದ ಆ ಹೆಸರು. ಪಕ್ಕದಿಂದ ನೋಡಿದರೆ ಹಪ್ಪಳದಷ್ಟು ಅಗಲ, ಎದುರಿನಿಂದ ನೋಡಿದರೆ ಬೆರಳಿನಷ್ಟು ದಪ್ಪ. ಚೆನ್ನಾಗಿ ಬೆಳೆದದ್ದು ಆರೇಳು ಅಂಗುಲವಾಗುತ್ತದೆ. ಇದರ ತವರು ದಕ್ಷಿಣ ಅಮೆರಿಕದ ಅಮೆಜಾನ್ ನದಿ ಮತ್ತು ಅದರ ಉಪನದಿಗಳು. 1840ರಲ್ಲಿ ಹೆಕೆಲ್ ಎಂಬ ಆಸ್ಟ್ರಿಯಾದ ವಿಜ್ಞಾನಿ ಇದಕ್ಕೆ ಶಾಸ್ತ್ರೀಯವಾಗಿ ನಾಮಕರಣ ಮಾಡಿದ. ಈಗ ಅಂಗಡಿಗಳಲ್ಲಿ ಸಿಗುವ ಕೆಂಪು, ನೀಲಿ, ಹಳದಿ ಬಣ್ಣದವು ನದಿ ಕಂಡವಲ್ಲ, ಗಾಜಿನ ತೊಟ್ಟಿಗಳಲ್ಲಿ ಹುಟ್ಟಿ ಬೆಳೆದ ಪೇಟೆಯ ಮಕ್ಕಳು.

ನಾನು ಅದನ್ನು ಮೊದಲು ಕಂಡದ್ದು ಡಯಾಲಿಸಿಸ್ ನಡೆಯುವ ಒಂದು ಕಡೆ. ನಮ್ಮ ಯಜಮಾನರ ಮೂತ್ರಪಿಂಡಗಳು ಕೈಕೊಟ್ಟ ಮೇಲೆ ಎರಡು ವರ್ಷ, ವಾರಕ್ಕೆರಡು ಸಲ, ಸಲಕ್ಕೆ ನಾಲ್ಕು ಗಂಟೆ ಅಲ್ಲಿ ಕೂರುತ್ತಿದ್ದೆ. ಒಳಗೆ ಯಂತ್ರ ಅವರ ರಕ್ತವನ್ನು ಸೋಸಿ ವಾಪಸು ಕಳಿಸುತ್ತಿತ್ತು. ಹೊರಗೆ ಗೋಡೆಯ ಪಕ್ಕದ ತೊಟ್ಟಿಯಲ್ಲಿ ಐದು ಡಿಸ್ಕಸ್ ಮೀನುಗಳು ಅವಸರವೆಂಬುದೇ ಇಲ್ಲದೆ ಓಡಾಡುತ್ತಿದ್ದವು. ಅವಕ್ಕೆ ಓಡುವುದೆಂದರೆ ಗೊತ್ತಿಲ್ಲ, ಮದುವೆಮನೆಯಲ್ಲಿ ಜರಿಸೀರೆ ಉಟ್ಟ ಹಿರಿಯ ಮುತ್ತೈದೆಯರ ಹಾಗೆ ಸುಮ್ಮನೆ ಸುಳಿಯುತ್ತವೆ. ಆ ನಾಲ್ಕು ಗಂಟೆ ಏನನ್ನೂ ಯೋಚಿಸದಿರಲು ಅವೇ ನನಗೆ ಸಹಾಯ ಮಾಡಿದ್ದು. 2016ರಲ್ಲಿ ಇವರು ತೀರಿಕೊಂಡರು. ಆಮೇಲೆ ಅಲ್ಲಿಗೆ ಹೋಗುವ ಕಾರಣ ಉಳಿಯಲಿಲ್ಲ. ಆದರೆ ಆ ಮೀನುಗಳನ್ನು ನೋಡಬೇಕೆಂದು ಮಾತ್ರ ಆಗಾಗ ಅನ್ನಿಸುತ್ತಿತ್ತು. ಗಂಡ ಹೋದ ದುಃಖವನ್ನು ಯಾರ ಹತ್ತಿರ ಬೇಕಾದರೂ ಹೇಳಿಕೊಳ್ಳಬಹುದು, ಮೀನು ನೋಡುವ ಆಸೆಯನ್ನು ಹೇಳಿಕೊಳ್ಳುವುದು ಹೇಗೆ?

ನಾನಿರುವುದು ತುಮಕೂರಿನಲ್ಲಿ. ಮಗನಿರುವುದು ಬೆಂಗಳೂರಿನಲ್ಲಿ, ಎಪ್ಪತ್ತು ಕಿಲೋಮೀಟರು. ದೂರವೂ ಅಲ್ಲ, ಹತ್ತಿರವೂ ಅಲ್ಲ. "ಒಬ್ಬಳೇ ಯಾಕಿರ್ತೀಯಮ್ಮ, ಮನೆ ಬಾಡಿಗೆಗೆ ಕೊಟ್ಟು ಬಂದ್ಬಿಡು" ಎಂದು ವಾರಕ್ಕೊಮ್ಮೆ ಹೇಳುತ್ತಿದ್ದ. ಸೊಸೆಯೂ ಪ್ರೀತಿಯಿಂದಲೇ ಕರೆಯುತ್ತಿದ್ದಳು. ಅವರ ಏಳನೆಯ ಮಹಡಿಯ ಮನೆಯಲ್ಲಿ ನನಗೆಂದೇ ಒಂದು ಕೋಣೆ ಕೂಡ ಸಿದ್ಧವಾಗಿತ್ತು. "ನನಗೆ ಇಲ್ಲೇ ಇರಬೇಕು ಅನ್ಸತ್ತೆ ಕಣೋ" ಎಂದು ನಾನು ಹೇಳಿದ್ದು ಒಂದು ಸಲವಲ್ಲ. ಅನ್ನಿಸುವುದನ್ನು ಕಾರಣವೆಂದು ಯಾರು ಒಪ್ಪುತ್ತಾರೆ?

2018ರಲ್ಲಿ ಇಪ್ಪತ್ತು ಸಾವಿರದ ಚೀಟಿ ನನ್ನ ಸರದಿಗೆ ಬಂತು. ಬಣ್ಣದ ಮೀನಿನ ಅಂಗಡಿಗೆ ಹೋಗಿ ಡಿಸ್ಕಸ್ ಬೇಕು ಅಂದೆ. ಅಂಗಡಿಯ ಹುಡುಗ ನನ್ನನ್ನೂ ನನ್ನ ಕೈಯಲ್ಲಿದ್ದ ತರಕಾರಿ ಚೀಲವನ್ನೂ ನೋಡಿ, "ಮೊದಲು ಬೇರೆ ಮೀನು ಸಾಕಿದ್ದೀರಾ ಅಮ್ಮಾ?" ಅಂದ. ಇಲ್ಲ ಅಂದೆ. "ಹಾಗಾದ್ರೆ ಈಗ ಮೀನು ಕೊಡಲ್ಲ. ಟ್ಯಾಂಕ್ ಕೊಡ್ತೀನಿ. ಒಂದು ತಿಂಗಳು, ಒಂದೂವರೆ ತಿಂಗಳು ನೀರು ಸಾಕಿ. ಆಮೇಲೆ ಬನ್ನಿ."

ನೀರು ಸಾಕುವುದು! ಐವತ್ತೆಂಟು ವರ್ಷ ಬದುಕಿದರೂ ಈ ಮಾತು ಕೇಳಿರಲಿಲ್ಲ.

ಅವನು ವಿವರಿಸಿದ. ಮೀನಿನ ಉಸಿರಿನಿಂದ, ಹಿಕ್ಕೆಯಿಂದ, ತಿಂದು ಬಿಟ್ಟ ಆಹಾರದಿಂದ ನೀರಿಗೆ ಅಮೋನಿಯ ಸೇರುತ್ತದೆ. ನದಿಯಲ್ಲಾದರೆ ಹರಿವ ನೀರು ಕೊಂಡೊಯ್ಯುತ್ತದೆ. ಗಾಜಿನೊಳಗೆ ಅದು ಎಲ್ಲಿಗೆ ಹೋಗಬೇಕು? ಮೀನು ತನ್ನ ಕಶ್ಮಲದಲ್ಲಿ ತಾನೇ ವಿಷವೇರಿ ಸಾಯುತ್ತದೆ. ಈ ಭಾಗವನ್ನು ಅವನು ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಒಳಗಿನ ಕಶ್ಮಲ ಹೊರಗೆ ಹೋಗದಿದ್ದರೆ ಒಂದು ಜೀವ ಹೇಗೆ ಕಪ್ಪಗಾಗುತ್ತದೆ, ಹೇಗೆ ಊಟ ಬಿಡುತ್ತದೆ ಎಂಬುದನ್ನು ಎರಡು ವರ್ಷ ಹತ್ತಿರದಿಂದ ನೋಡಿದ್ದೆ.

ಇದಕ್ಕೆ ಪರಿಹಾರ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳು. ಒಂದು ಬಗೆಯವು ಅಮೋನಿಯವನ್ನು ನೈಟ್ರೈಟ್ ಮಾಡುತ್ತವೆ. ಅದೂ ವಿಷವೇ. ಇನ್ನೊಂದು ಬಗೆಯವು ಅದನ್ನು ನೈಟ್ರೇಟ್ ಮಾಡುತ್ತವೆ. ಅದು ಅಷ್ಟು ಕೆಟ್ಟದ್ದಲ್ಲ, ಆಗಾಗ ನೀರು ಬದಲಾಯಿಸಿದರೆ ಹೊರಗೆ ಹೋಗುತ್ತದೆ. ಈ ಬ್ಯಾಕ್ಟೀರಿಯಾ ಮುಖ್ಯವಾಗಿ ಗಾಳಿ ಹಾಯುವ ಫಿಲ್ಟರಿನ ಸ್ಪಂಜಿನಲ್ಲಿ ಮನೆ ಮಾಡಿಕೊಳ್ಳುತ್ತವೆ. ತಾವಾಗಿ ಬೆಳೆಯಲು ವಾರಗಟ್ಟಲೆ ಬೇಕು. ಹುಡುಗ ತನ್ನ ಹಳೆಯ ತೊಟ್ಟಿಯಿಂದ ಕಂದುಬಣ್ಣದ, ಲೋಳೆ ಹಿಡಿದ ಸ್ಪಂಜಿನ ಚೂರೊಂದನ್ನು ಕತ್ತರಿಸಿ, ಅದೇ ನೀರಿನೊಡನೆ ಕವರಿನಲ್ಲಿ ಹಾಕಿ ಕೊಟ್ಟು, "ಇದನ್ನು ನಿಮ್ಮ ಫಿಲ್ಟರ್ ಪಕ್ಕ ಇಡಿ, ಬೇಗ ಕೂರುತ್ತೆ. ಒಣಗಿಸಬೇಡಿ, ನಲ್ಲಿ ನೀರಲ್ಲಿ ತೊಳೀಬೇಡಿ" ಅಂದ. ನನಗೆ ನಗು ಬಂತು. ಇದು ಹೆಪ್ಪಲ್ಲವೇ! ನಿನ್ನೆಯ ಮೊಸರಿನ ಒಂದು ಚಮಚ, ಬೆಚ್ಚನೆಯ ಜಾಗ, ಕದಲಿಸದೆ ಕಾಯುವ ತಾಳ್ಮೆ. ಚಳಿ ಬಿದ್ದರೆ ತಡವಾಗುತ್ತದೆ ಎಂಬುದು ಕೂಡ ಅದೇ.

ತೊಟ್ಟಿ ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರ. ಅಂಚಿನವರೆಗೆ ತುಂಬಿದರೆ 255 ಲೀಟರು. ಅಂದರೆ ನೀರೇ ಇನ್ನೂರೈವತ್ತು ಕಿಲೋ ತೂಗುತ್ತದೆ. ಟೀಪಾಯಿಯ ಮೇಲೆ ಇಡುವ ವಸ್ತುವಲ್ಲ. ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಸ್ಟ್ಯಾಂಡ್ ಮಾಡಿಸಿ, ಗಾಜಿನ ತಳಕ್ಕೆ ಥರ್ಮೋಕೋಲ್ ಹಾಳೆ ಹಾಸಿ, ಬಿಸಿಲು ನೇರವಾಗಿ ಬೀಳದ ಗೋಡೆಗೆ ಸೇರಿಸಿ ಇಡಿಸಿದೆ. ನೀರು ಕಾಯಿಸುವ ಹೀಟರು, ಥರ್ಮಾಮೀಟರು, ಗಾಳಿಯ ಪಂಪು, ಎರಡು ಸ್ಪಂಜಿನ ಫಿಲ್ಟರು ಬಂದವು. ಡಿಸ್ಕಸ್‌ಗೆ ಸದಾ 28ರಿಂದ 30 ಡಿಗ್ರಿ ಬೇಕು. ತಳದಲ್ಲಿ ಕಲ್ಲು, ಮರಳು, ಗೊಂಬೆ ಏನೂ ಬೇಡ, ಸಣ್ಣ ಮೀನು ದೊಡ್ಡದಾಗುವವರೆಗೆ ಬರಿಯ ಗಾಜಿದ್ದರೆ ಗುಡಿಸಲು ಸುಲಭ ಎಂದಿದ್ದ ಹುಡುಗ. ಗುಡಿಸುವ ಮಾತು ಹೆಂಗಸರಿಗೆ ಬೇಗ ಅರ್ಥವಾಗುತ್ತದೆ.

ಇನ್ನು ನೀರು. ಡಿಸ್ಕಸ್ ಮೆದು ನೀರಿನ ಮೀನು. ಮೆದು ನೀರು, ಗಡಸು ನೀರು ಎಂದರೇನೆಂದು ತಿಳಿಯಲು ನಮಗೆ ಪ್ರಯೋಗಶಾಲೆ ಬೇಕೇ? ತೊಗರಿಬೇಳೆ ಬೇಯದ ನೀರು, ಸೋಪಿಗೆ ನೊರೆ ಕೊಡದ ನೀರು, ಪಾತ್ರೆಯ ಮೇಲೆ ಬಿಳಿಯ ಕಲೆ ಉಳಿಸುವ ನೀರು ಗಡಸು ನೀರು. ನಮ್ಮ ಬೋರ್‌ವೆಲ್ಲಿನದು ಆ ಜಾತಿ. ನಗರಪಾಲಿಕೆಯ ಹೇಮಾವತಿ ನೀರಿನಲ್ಲಿ ಬೇಳೆ ಹೂವಿನಂತೆ ಅರಳುತ್ತದೆ, ಆದ್ದರಿಂದ ಮೀನಿಗೂ ಅದೇ ಎಂದು ತೀರ್ಮಾನಿಸಿದೆ. ಅದರ ಕ್ಲೋರಿನ್ ಹೋಗಲು ಡ್ರಮ್ಮಿನಲ್ಲಿ ತುಂಬಿ ಒಂದು ದಿನ ಗಾಳಿ ಬಿಡುತ್ತಿದ್ದೆ. ಮಳೆಗಾಲದಲ್ಲಿ ಮೊದಲ ಮಳೆಯ ಕೊಳೆ ಹರಿದುಹೋದ ಮೇಲೆ ತಾರಸಿಯ ನೀರು ಹಿಡಿದಿಟ್ಟು ಬೆರೆಸುತ್ತಿದ್ದೆ.

ಐದು ವಾರ ಖಾಲಿ ತೊಟ್ಟಿಯಲ್ಲಿ ಪಂಪು ಗುಳುಗುಳು ಅನ್ನುತ್ತಿತ್ತು. ಬ್ಯಾಕ್ಟೀರಿಯಾ ಹಸಿಯಬಾರದೆಂದು ದಿನಾ ಚಿಟಿಕೆ ಮೀನಿನ ಆಹಾರ ಹಾಕುತ್ತಿದ್ದೆ. ಮೀನು ನೋಡಲೆಂದು ಬಂದ ನೆಂಟರು ಬಗ್ಗಿ ಬಗ್ಗಿ ನೋಡಿ, "ಎಲ್ಲಿ?" ಎನ್ನುತ್ತಿದ್ದರು. "ನೀರು ಸಾಕ್ತಾ ಇದೀನಿ" ಎಂದರೆ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಗಂಡ ಹೋದ ಮೇಲೆ ಇವಳಿಗೆ ಏನೋ ಆಗಿದೆ ಎಂದು ಯಾರೋ ಮಗನಿಗೆ ಫೋನನ್ನೂ ಮಾಡಿದರು. ವಾರಕ್ಕೆರಡು ಸಲ ಗಾಜಿನ ನಳಿಕೆಯಲ್ಲಿ ನೀರು ತೆಗೆದು, ಹನಿ ಔಷಧ ಹಾಕಿ ಪರೀಕ್ಷೆ ಮಾಡುತ್ತಿದ್ದೆ. ಹಸಿರಾದರೆ ಅಮೋನಿಯ ಇದೆ, ಹಳದಿಯಾಗಿಯೇ ಉಳಿದರೆ ಇಲ್ಲ. ವಾರಕ್ಕೆರಡು ಸಲ! ಇವರ ರಕ್ತಪರೀಕ್ಷೆಯ ಚೀಟಿಯಲ್ಲಿ ಕ್ರಿಯಾಟಿನಿನ್ ಅಂಕೆ ಇಳಿದಿದೆಯೇ ಎಂದು ಹುಡುಕುತ್ತಿದ್ದ ಕಣ್ಣುಗಳಿಗೆ ಇದೇನೂ ಹೊಸ ಕೆಲಸವಾಗಿರಲಿಲ್ಲ. ವ್ಯತ್ಯಾಸ ಒಂದೇ. ಇಲ್ಲಿ ಅಂಕೆ ನಿಜವಾಗಿ ಇಳಿಯಿತು. ಆರನೆಯ ವಾರದ ಮೊದಲ ದಿನ ನಳಿಕೆ ಹಳದಿಯಾಗಿಯೇ ನಿಂತಿತು. ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಅತ್ತುಬಿಟ್ಟೆ.

ಮೀನು ಆರು ತಂದೆ, ಒಂದಕ್ಕೆ 700 ರೂಪಾಯಿ, ಎರಡೂವರೆ ಅಂಗುಲದವು. ಆರೇ ಏಕೆಂದರೆ, ಇಬ್ಬರೇ ಇದ್ದರೆ ಬಲವಾದದ್ದು ಮೆತ್ತಗಿರುವುದನ್ನು ದಿನವಿಡೀ ಕುಕ್ಕುತ್ತದೆ. ಆರಿದ್ದರೆ ಕುಕ್ಕು ಹಂಚಿಹೋಗುತ್ತದೆ. ಅವಿಭಕ್ತ ಕುಟುಂಬದಲ್ಲಿ ಸೊಸೆಯಾಗಿ ಬಾಳಿದವರಿಗೆ ಈ ತತ್ವ ಗೊತ್ತು. ಮೊದಲ ಎರಡು ದಿನ ಎಲ್ಲವೂ ಕಪ್ಪಗಾಗಿ ಮೂಲೆ ಸೇರಿದವು. ಹೆದರಿದಾಗ ಅವುಗಳ ಬಣ್ಣ ಹಾಗೆ ಮಂಕಾಗುತ್ತದೆ. ಮೂರನೆಯ ದಿನ ಒಂದು ಮುಂದೆ ಬಂದು ನನ್ನನ್ನು ದಿಟ್ಟಿಸಿತು. ಹೊರದೇಶದ ಪುಸ್ತಕಗಳಲ್ಲಿ ದನದ ಹೃದಯ ರುಬ್ಬಿ ತಿನ್ನಿಸುವ ವಿಧಾನವಿದೆ. ಅದನ್ನು ಓದಿ ಪುಸ್ತಕ ಮುಚ್ಚಿ, ಅಂಗಡಿಯ ಕಾಳಿನಂಥ ಆಹಾರಕ್ಕೇ ಅವನ್ನು ಒಗ್ಗಿಸಿದೆ. ಅದರಲ್ಲೇನಿದೆ ಎಂದು ಡಬ್ಬಿಯ ಹಿಂದಿನ ಸಣ್ಣಕ್ಷರ ಓದುವ ಗೋಜಿಗೆ ಹೋಗಲಿಲ್ಲ.

ದಿನ ಬಿಟ್ಟು ದಿನ ಮೂರನೆಯ ಒಂದು ಭಾಗ ನೀರು ತೆಗೆದು, ಅಷ್ಟೇ ಹೊಸ ನೀರನ್ನು ಅದೇ ಬಿಸಿಗೆ ಹದ ಮಾಡಿ ಹಾಕಬೇಕು. ಐದು ಬಕೆಟ್ಟು ಹೊರಗೆ, ಐದು ಬಕೆಟ್ಟು ಒಳಗೆ. ಮಾಡಿದರೆ ಯಾರಿಗೂ ಕಾಣುವುದಿಲ್ಲ, ಮಾಡದಿದ್ದರೆ ವಾರದಲ್ಲಿ ಕಾಣುತ್ತದೆ. ಇಂಥ ಕೆಲಸಗಳಲ್ಲೇ ನಮ್ಮ ಆಯುಷ್ಯ ಕಳೆದಿದೆಯಲ್ಲ! ತೆಗೆದ ನೀರನ್ನು ಗಿಡಗಳಿಗೆ ಸುರಿದೆ. ನೈಟ್ರೇಟ್ ಗಿಡಕ್ಕೆ ಗೊಬ್ಬರ. ಹಿತ್ತಿಲ ಕರಿಬೇವು ಆಳೆತ್ತರ ಬೆಳೆಯಿತು. "ಪರವಾಗಿಲ್ಲ, ಉಪಯೋಗ ಇದೆ" ಎಂದು ಓರಗಿತ್ತಿ ಎರಡು ಕಡ್ಡಿ ಮುರಿದುಕೊಂಡು ಹೋದಳು.

ಅದಕ್ಕಿಂತ ದೊಡ್ಡ ಉಪಯೋಗ ಬೇರೆಯೇ ಇತ್ತು. ಮಗ ಕರೆದಾಗಲೆಲ್ಲ ಈಗ ನನ್ನ ಬಳಿ ಉತ್ತರವಿತ್ತು: "ನಾಳೆ ನೀರು ಬದಲಾಯಿಸಬೇಕು ಕಣೋ." ಏನಾಶ್ಚರ್ಯ, ಇದನ್ನು ಎಲ್ಲರೂ ಒಪ್ಪಿದರು. "ಪಾಪ, ಮೀನು ಬಿಟ್ಟು ಹೇಗೆ ಬರ್ತಾರೆ" ಎಂದು ನನ್ನ ಪರವಾಗಿ ನೆಂಟರೇ ವಾದಿಸಿದರು. ಹೆಂಗಸಿನ ಆಸೆಗೆ ಕಿವಿಗೊಡದ ಜನ ಅವಳ ಕರ್ತವ್ಯಕ್ಕೆ ತಕ್ಷಣ ತಲೆಬಾಗುತ್ತಾರೆ.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂತು. ಅವರು ಅಲ್ಲಿ, ನಾನಿಲ್ಲಿ. ಆ ದಿನಗಳಲ್ಲೇ ಎರಡು ಮೀನುಗಳು ಜೋಡಿಯಾಗಿ, ನಾನು ಬೋರಲು ಹಾಕಿದ್ದ ಮಣ್ಣಿನ ಕುಂಡವನ್ನು ಬಾಯಿಂದ ಉಜ್ಜಿ ಮೊಟ್ಟೆಯಿಟ್ಟವು. ಎರಡು ಸಲ ತಾವೇ ತಿಂದುಹಾಕಿದವು. ಮೂರನೆಯ ಸಲ ಮರಿ ಉಳಿದವು. ಡಿಸ್ಕಸ್ ಮರಿಗಳಿಗೆ ಮೊದಲ ಆಹಾರ ತಂದೆತಾಯಿಯರ ಮೈಯೇ. ಇಬ್ಬರ ಚರ್ಮದ ಮೇಲೂ ಲೋಳೆಯೊಂದು ಜಿನುಗುತ್ತದೆ, ಮರಿಗಳು ಮೈಗೆ ಅಂಟಿಕೊಂಡು ಅದನ್ನು ಕೆರೆದು ತಿನ್ನುತ್ತವೆ. ಒಂದಕ್ಕೆ ಸಾಕಾದಾಗ ಮೈಕೊಡವಿ ಮರಿಗಳನ್ನು ಇನ್ನೊಂದಕ್ಕೆ ದಾಟಿಸುತ್ತದೆ. ಅಪ್ಪನೂ ಹಾಲೂಡುವ ಸಂಸಾರ! 2010ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ, ಈ ಲೋಳೆಯಲ್ಲಿ ತಾಯಿಹಾಲಿನಂತೆ ರೋಗನಿರೋಧಕ ಅಂಶಗಳಿರುತ್ತವೆ ಎಂದು ತೋರಿಸಿದ್ದಾರೆ. ಇನ್ನೊಂದು ಸಂಗತಿಯನ್ನೂ ಹೇಳಿದ್ದಾರೆ, ಅದನ್ನು ನಾನು ಕಣ್ಣಾರೆ ಕಂಡೆ. ಮೂರನೆಯ ವಾರ ತಂದೆತಾಯಿ ಮರಿಗಳಿಂದ ಸ್ವಲ್ಪ ಸ್ವಲ್ಪ ಹೊತ್ತು ದೂರ ಸರಿಯತೊಡಗುತ್ತವೆ. ಮರಿ ಬೆನ್ನಟ್ಟುತ್ತವೆ, ಇವು ಈಜಿ ಹೋಗುತ್ತವೆ. ಅದರಲ್ಲಿ ಸಿಟ್ಟಿಲ್ಲ, ಹೊತ್ತು ಬಂದಿದೆ ಅಷ್ಟೆ.

ಬಸ್ಸು ಶುರುವಾದ ಮೇಲೆ ಮಗ ಬಂದ. ತೊಟ್ಟಿಯ ಮುಂದೆ ಕೂತು ಕಾಫಿ ಕುಡಿಯುತ್ತ, "ಟ್ಯಾಂಕ್ ಬೆಂಗಳೂರಿಗೇ ಸಾಗಿಸೋಣ ಅಮ್ಮ, ಜಾಗ ಮಾಡ್ತೀನಿ" ಅಂದ. ಕರ್ತವ್ಯದ ಆಸರೆ ಅಲ್ಲಿಗೆ ತಪ್ಪಿತು. "ಮೀನಿಗೋಸ್ಕರ ಅಲ್ಲಪ್ಪ. ನನಗೇ ಇಲ್ಲಿರಬೇಕು" ಅಂದೆ. ಅವನು ಬಹಳ ಹೊತ್ತು ಮೀನು ನೋಡುತ್ತ ಕೂತಿದ್ದ. ಮುಂದಿನ ಸಲ ಬಂದಾಗ, ಕರೆಂಟು ಹೋದರೂ ನಡೆಯುವ ಬ್ಯಾಟರಿಯ ಪಂಪೊಂದನ್ನು ತಂದು ತಾನೇ ಜೋಡಿಸಿ ಹೋದ. ಮತ್ತೆ ಬಾ ಅನ್ನುತ್ತಾನೆ, ಆದರೆ ಹಬ್ಬಕ್ಕೆ.

ಮೊನ್ನೆ ಹಿಂದಿನ ಬೀದಿಯ ಹೆಣ್ಣುಮಗಳೊಬ್ಬಳು ಬಂದಿದ್ದಳು. ಅವಳಿಗೂ ಟ್ಯಾಂಕು ಇಡುವ ಆಸೆ, ಮನೆಯಲ್ಲಿ ಯಾಕೆ ಏನು ಎಂದು ಪ್ರಶ್ನೆಗಳು. "ಏನಂತ ಹೇಳಲಿ ಆಂಟಿ?" ಎಂದಳು. ಹೇಳುವುದು ಅವಳ ಸಮಾಚಾರ, ಆಮೇಲೆ ನೋಡಿಕೊಳ್ಳಲಿ. ನಾನು ಕತ್ತರಿ ತೆಗೆದುಕೊಂಡು ಫಿಲ್ಟರಿನಿಂದ ಸ್ಪಂಜಿನ ಒಂದು ಚೂರು ಕತ್ತರಿಸಿ, ಅದೇ ನೀರಿನೊಡನೆ ಹಳೆಯ ಹಾರ್ಲಿಕ್ಸ್ ಬಾಟಲಿಗೆ ಹಾಕಿ ಅವಳ ಕೈಗೆ ಕೊಟ್ಟೆ. ಒಣಗಿಸಬೇಡ ಅಂದೆ.